ಜೌಗು ಆರಿದ ಮೇಲೆ

ಎದ್ದಾಗಲೇ ಪಾದಗಳು ಭಾರವಾಗಿದ್ದವು. ಮಂಚದ ತುದಿಯಲ್ಲಿ ಯಾರೋ ಕೂತು ಎದ್ದುಹೋದಂತೆ ಹೊದಿಕೆ ಅಲ್ಲಿ ತಗ್ಗಾಗಿತ್ತು. ತಿತ್ತಾ ಆ ತಗ್ಗನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಅದು ತಾನೇ ಹಿಂದಿನ ಸಂಜೆ ಕಳಚಿ ಎಸೆದ ಕೋಟಿನಿಂದ ಆದದ್ದೆಂದು ಕಂಡುಕೊಂಡ. ಕೋಟು ನೆಲಕ್ಕೆ ಜಾರಿ ಬಿದ್ದಿತ್ತು. ಇಂಥ ಪ್ರತಿಯೊಂದಕ್ಕೂ ಒಂದು ಕಾರಣ ಸಿಗುತ್ತಿತ್ತು. ಸಿಕ್ಕ ಕಾರಣ ಸರಿಯಾಗಿಯೂ ಇರುತ್ತಿತ್ತು. ಆದರೂ ಕಾರಣ ಸಿಗುವ ಮುಂಚಿನ ಆ ಒಂದು ಗಳಿಗೆ ಮಾತ್ರ ದಿನವಿಡೀ ಅವನನ್ನು ಬಿಡುತ್ತಿರಲಿಲ್ಲ. ಗಡ್ಡ ಹೆರೆದುಕೊಳ್ಳುತ್ತ, ಇವತ್ತು ಮಧ್ಯಾಹ್ನ ಅಮ್ಮನನ್ನು ತೆಗೆಯುತ್ತಾರೆ ಎಂದು ಕನ್ನಡಿಗೆ ಮೆಲ್ಲಗೆ ಹೇಳಿದ. ಹೇಳಿದರೆ ಅದು ಮಾಮೂಲಿ ಸುದ್ದಿಯಾಗಬಹುದು ಎಂದುಕೊಂಡಿದ್ದ. ಅದು ಮಾಮೂಲಿಯೇ. ಊರಿನ ಸ್ಮಶಾನದಲ್ಲಿ ಮಣ್ಣಿಗಿಟ್ಟವರಿಗೆ ಹತ್ತು ವರ್ಷದ ಅವಧಿ. ಅದು ಮುಗಿದ ಮೇಲೆ ಅಗೆದು, ಎಲುಬು ಆರಿಸಿ, ತಗಡಿನ ಸಣ್ಣ ಪೆಟ್ಟಿಗೆಗೆ ತುಂಬಿ ಗೋಡೆಯ ಗೂಡಿಗೆ ಸೇರಿಸುತ್ತಾರೆ, ಜಾಗ ಇನ್ನೊಬ್ಬರಿಗೆ ಹೋಗುತ್ತದೆ. ತೆಗೆಯುವಾಗ ಮನೆಯವರು ಎದುರಿಗಿರಬೇಕು. ಊರಿನಲ್ಲಿ ಹೀಗೆ ನಿಲ್ಲದವರಿಲ್ಲ. ನಿಂತು, ಎರಡು ಹನಿ ಕಣ್ಣೀರು ಹಾಕಿ, ವಾಪಸು ಬರುವಾಗ ಕಾಫಿ ಕುಡಿಯುತ್ತಾರೆ. ತಿತ್ತಾನಿಗೆ ಮಾತ್ರ, ಶವಪೆಟ್ಟಿಗೆಯ ಮುಚ್ಚಳ ಎತ್ತಿದಾಗ ಕಾಣಬಾರದ್ದೊಂದು ಅಲ್ಲಿರುತ್ತದೆ ಎಂದು ಗೊತ್ತಿತ್ತು. ಇಟ್ಟವನು ಅವನೇ.

ಅವನು ಕಾವಲು ಕಾಯುವ ಮ್ಯೂಸಿಯಂ ಇರುವುದು ಕಡಲಿಗೆ ಮುಖ ಮಾಡಿದ ದಿಬ್ಬದ ಮೇಲೆ. ದಿಬ್ಬದ ಅಡಿಯಲ್ಲಿ, ಸುತ್ತ, ಕಣ್ಣು ಹಾಯುವಷ್ಟು ದೂರ ಪುರಾತನ ಗ್ರೀಕ್ ಪಟ್ಟಣ ಕಾಮಾರಿನಾ ಇದೆ. ಊರಿನವರ ಬಾಯಲ್ಲಿ ಅದು ಬರೀ ಹಳೇ ಊರು. ಇದೆ ಎನ್ನುವುದು ಅಭ್ಯಾಸದ ಮಾತು. ಇರುವುದು ಮೊಣಕಾಲೆತ್ತರದ ಗೋಡೆಗಳು, ಎಲ್ಲಿಗೂ ಹೋಗದ ನೇರ ಬೀದಿಗಳು, ಅಥೇನಾ ದೇವಿಯ ಗುಡಿಯ ಒಂದು ಗೋಡೆಯ ಚೂರು. ಬೀದಿಗಳು ಮುಗಿದಲ್ಲಿಂದ ಟೊಮೆಟೊ ಬೆಳೆಯುವ ಪ್ಲಾಸ್ಟಿಕ್ ಮನೆಗಳು ಶುರು. ಆಫ್ರಿಕಾ ಕಡೆಯಿಂದ ಬಿಸಿಗಾಳಿ ಬೀಸುವ ದಿನ ಸಾವಿರಾರು ಹಾಳೆಗಳು ಒಟ್ಟಿಗೆ ಉಬ್ಬಿ ಇಳಿಯುತ್ತವೆ, ನೆಲವೇ ಉಸಿರಾಡುತ್ತಿರುವಂತೆ. ಇವತ್ತು ಅಂಥ ಗಾಳಿ ಇತ್ತು. ಅಕ್ಟೋಬರಿನಲ್ಲಿ ಅದೇನು ವಿಶೇಷವಲ್ಲ. ಗೇಟು ತೆಗೆದು, ಹಿಂದೆಂದೋ ಒಡೆದು ಮುಳುಗಿದ ಹಡಗುಗಳಲ್ಲಿ ಸಿಕ್ಕ ಜಾಡಿಗಳನ್ನು ಸಾಲಾಗಿ ನಿಲ್ಲಿಸಿದ ಕೋಣೆಗೆ ಬಂದು, ದಿನದಂತೆ ಎಣಿಸದೆ ಕಣ್ಣಾಡಿಸಿದ. ಚೂಪು ತಳದ, ಎರಡು ಹಿಡಿಕೆಯ, ಎಣ್ಣೆ ಮತ್ತು ದ್ರಾಕ್ಷಾರಸ ತುಂಬಿ ತಂದ ಜಾಡಿಗಳು. ಸೊಂಟದ ಮೇಲೆ ಎರಡೂ ಕೈಯಿಟ್ಟು ನಿಂತ ಹೆಂಗಸರಂತೆ ಅವು ಅವನಿಗೆ ಯಾವಾಗಲೂ ಕಂಡಿವೆ. ಒಂದರ ಮೈ ಒಡೆದಿತ್ತು. ಕತ್ತು ಮತ್ತು ಒಂದೇ ಹಿಡಿಕೆ ಉಳಿದಿತ್ತು. ಅದರ ಕಡೆ ಅವನು ನೋಡುವುದಿಲ್ಲ. ಅಂಥದ್ದೇ ಇನ್ನೊಂದು ಅಮ್ಮನ ಪಾದಗಳ ಮೇಲಿದೆ.

ಗಾಳಿಯಲ್ಲೂ ಒಂದು ತಂಡ ಬಂತು. ಹತ್ತಿರದ ಮೋದಿಕಾ ಪಟ್ಟಣದ ಪಿಂಚಣಿದಾರರು, ಟೋಪಿ ಹಿಡಿದುಕೊಂಡು ಬಸ್ಸಿನಿಂದ ಇಳಿದರು. ಕತೆ ಹೇಳುವುದು ಕಾವಲುಗಾರನ ಕೆಲಸವಲ್ಲ; ಆದರೆ ಯಾರೋ ಒಬ್ಬರು ಕೇಳುತ್ತಾರೆ, ಇವನು ಹೇಳುತ್ತಾನೆ, ಹಾಗೆ ಅದು ಅವನ ಕೆಲಸವಾಗಿಬಿಟ್ಟಿತ್ತು. ಸಿರಾಕೂಸಾ ನಗರದ ಗ್ರೀಕರು ಬಂದು ಈ ಊರು ಕಟ್ಟಿದರು. ಎರಡು ತಲೆಮಾರು ದಾಟುವುದರೊಳಗೆ ಮಗಳು ಎದುರಾಡಿದಳೆಂದು ತಾಯಿಯೂರೇ ಬಂದು ನೆಲಸಮ ಮಾಡಿತು. ಮತ್ತೆ ಕಟ್ಟಿದರು, ಮತ್ತೆ ಖಾಲಿಯಾಯಿತು, ಮತ್ತೆ ತುಂಬಿತು. ಕೊನೆಗೆ ರೋಮಿನವರು ಹಿಡಿದು ಇದ್ದಬದ್ದವರನ್ನೆಲ್ಲ ಗುಲಾಮರಾಗಿ ಮಾರಿದರು. ಇಷ್ಟು ಇತಿಹಾಸ. ಇನ್ನೊಂದು ಇದೆ, ಅದು ಕತೆ, ಅಗೆದವರಿಗೆ ಅದಕ್ಕೆ ಪುರಾವೆ ಸಿಕ್ಕಿಲ್ಲ ಎಂದು ತಿತ್ತಾ ಪ್ರತಿ ಸಲವೂ ಮೊದಲೇ ಹೇಳುತ್ತಿದ್ದ. ಗೋಡೆಯ ಹೊರಗೆ ಒಂದು ಜೌಗು ಇತ್ತು. ಅದರಿಂದ ಜ್ವರ ಬರುತ್ತಿತ್ತು. ಒಣಗಿಸಬಹುದೇ ಎಂದು ಜನ ದೇವರನ್ನು ಕೇಳಿದರು. ಅಲುಗಿಸಬೇಡಿ, ಅಲುಗದೆ ಇರುವುದೇ ಅದಕ್ಕೆ ಒಳ್ಳೆಯದು ಎಂದು ದೇವರು ಹೇಳಿದ. ಜನ ಕಾಲುವೆ ತೋಡಿ ನೀರು ಬಸಿದರು. ಜ್ವರ ನಿಂತಿತು. ಆಮೇಲೆ ಶತ್ರು ಆ ಒಣಗಿದ ನೆಲದ ಮೇಲೆಯೇ ನಡೆದು ಬಂದ.

"ಕಾಲುವೆ ತೋಡಿ ಅಂದ ಪುಣ್ಯಾತ್ಮ ಯಾರ್ರೀ?" ಎಂದು ಕೋಲು ಹಿಡಿದ ಮುದುಕನೊಬ್ಬ ಕೇಳಿದ. "ಅವನ ಹೆಸರಿಲ್ವಾ?"

"ಹೆಸರು ಎಲ್ಲೂ ಇಲ್ಲ ಯಜಮಾನ್ರೇ."

"ಇರೋದಿಲ್ಲ ಬಿಡಿ. ಕೆಟ್ಟ ಸಲಹೆ ಕೊಟ್ಟವನ ಹೆಸರು ಯಾವತ್ತು ಉಳಿದಿದೆ? ನಮ್ಮೂರಲ್ಲೂ ಹಂಗೇ." ಮುದುಕ ನಕ್ಕ, ಉಳಿದವರೂ ನಕ್ಕರು. "ಏನ್ರೀ, ನಿಮ್ಮ ಮುಖ ಯಾಕೆ ಹಿಂಗಾಯ್ತು? ನೀವೇ ತೋಡಿಸಿದ್ರಾ?"

ಎಲ್ಲರೂ ಇನ್ನಷ್ಟು ನಕ್ಕರು. ತಿತ್ತಾ ನಗಲು ಹೋಗಿ ಕೆಮ್ಮಿದ. ಒಬ್ಬಳು ಹೆಂಗಸು ಕೈಚೀಲದಿಂದ ಪೆಪ್ಪರಮಿಂಟು ತೆಗೆದು, ಮಗುವಿಗೆ ಕೊಡುವಂತೆ ಅವನ ಅಂಗೈಯಲ್ಲಿಟ್ಟಳು. ಅವನು ಸಮವಸ್ತ್ರದಲ್ಲಿ ಅದನ್ನು ಹಿಡಿದುಕೊಂಡು ನಿಂತ.

ತೋಡಿಸಿದವನು ಅವನೇ. ಸ್ಮಶಾನದ ಕೆಳಗಿನ ಮೂಲೆ ತಗ್ಗು. ಮಳೆಗಾಲ ಕಳೆದರೂ ಅಲ್ಲಿ ನೀರು ನಿಲ್ಲುತ್ತಿತ್ತು. ಅಮ್ಮ ನೀರಿನಲ್ಲಿ ಮಲಗಿದಾಳೆ, ನಿನಗೆ ನಾಚಿಕೆ ಆಗಲ್ವಾ ಎಂದು ಅಕ್ಕ ಮೇನಾ ವರ್ಷಾನುಗಟ್ಟಲೆ ಚುಚ್ಚಿದ್ದಳು. ಹೋದ ವರ್ಷ ಅವನು ಆ ಮೂಲೆಯವರನ್ನೆಲ್ಲ ಸೇರಿಸಿಕೊಂಡು ಊರಿನ ಕಚೇರಿಗೆ ಹೋಗಿ ನಿಂತಿದ್ದ. ಕಾಲುವೆ ಬಂತು. ವಾರದೊಳಗೆ ನೀರು ಇಳಿಯಿತು, ಜನ ಬೆನ್ನು ತಟ್ಟಿದರು. ಇಪ್ಪತ್ತು ವರ್ಷದಿಂದ ದಿನಕ್ಕೊಮ್ಮೆ ಜೌಗಿನ ಕತೆ ಹೇಳುವ ಮನುಷ್ಯ ಆ ಕಾಲುವೆಯ ದಂಡೆಯಲ್ಲಿ ನಿಂತು ಬೆನ್ನು ತಟ್ಟಿಸಿಕೊಂಡಿದ್ದ, ತಲೆಗೆ ಹೊಳೆದಿರಲಿಲ್ಲ. ಹೊಳೆದದ್ದು ಮೊನ್ನೆ, ಗೋರಿ ಅಗೆಯುವ ಪುದ್ದು ಮಾವನ ಹತ್ತಿರ ಮಾತಾಡಲು ಹೋದಾಗ.

ಪುದ್ದು ಯಾರದೋ ಗೋರಿಯ ಅಂಚಿನ ಮೇಲೆ ಕೂತು ಬ್ರೆಡ್ಡಿಗೆ ಎಣ್ಣೆ ಹಚ್ಚಿಕೊಂಡು ತಿನ್ನುತ್ತಿದ್ದ. ನಾವು ಬರದೇ ಹೋದರೆ ನೀನೇ ತೆಗೆದು ಗೂಡಿಗೆ ಹಾಕೋದಾಗುತ್ತಾ ಎಂದು ತಿತ್ತಾ ಸುತ್ತಿಬಳಸಿ ಶುರು ಮಾಡಿದ್ದ; ಅಕ್ಕನಿಗೆ ಎದೆ ಸರಿಯಿಲ್ಲ, ನೋಡಿದರೆ ತಡೆಯಲಾರಳು.

"ಮೇನಾಗೆ ಎದೆ ಸರಿಯಿಲ್ವಾ? ಅವಳ ಎದೆಗೆ ಟ್ರಾಕ್ಟರ್ ಗುದ್ದಿದ್ರೆ ಟ್ರಾಕ್ಟರ್ ರಿಪೇರಿಗೆ ಹೋಗುತ್ತೆ," ಎಂದ ಪುದ್ದು. "ಮನೆಯವ್ರು ನಿಲ್ಲದೆ ಮುಚ್ಚಳಕ್ಕೆ ನಾನು ಕೈ ಹಾಕಲ್ಲ ಮಗಾ. ನಾಳೆ ಉಂಗುರ ಎಲ್ಲಿ, ಓಲೆ ಎಲ್ಲಿ ಅಂತ ನನ್ನ ಕತ್ತಿನ ಪಟ್ಟಿ ಹಿಡೀತಾರೆ."

"ಒದ್ದೆ ಇದ್ರೆ ತೆಗಿಯೋದಿಲ್ಲ ಅಲ್ವಾ ಮಾವ?"

"ಒದ್ದೆ ಇದ್ರೆ, ಮಾಂಸ ಬಿಟ್ಟಿಲ್ಲ ಅಂದ್ರೆ, ಮತ್ತೆ ಮುಚ್ತೀನಿ. ಇನ್ನೈದು ವರ್ಷ ಮಲಗಲಿ ಅಂತ. ಆ ಮೂಲೆಯಲ್ಲಿ ಎಲ್ಲರದೂ ಅದೇ ಗತಿ ಆಗಿತ್ತಲ್ಲ. ಈಗ ನಿನ್ನ ದಯದಿಂದ ಬಿಸ್ಕತ್ತಿನ ಹಾಗೆ ಒಣಗಿದೆ." ಪುದ್ದು ಬ್ರೆಡ್ಡಿನ ತುದಿಯಿಂದ ನೆಲವನ್ನು ತೋರಿಸಿದ. "ಪುಣ್ಯ ಕಟ್ಕೊಂಡೆ ಕಣೋ ತಿತ್ತಾ."

ಮಧ್ಯಾಹ್ನಕ್ಕೆ ಇನ್ನೂ ಹೊತ್ತಿತ್ತು. ತಂಡ ಬಸ್ಸು ಹತ್ತಿತು. ಅವನು ಹಿಂಭಾಗದ ಬಾಗಿಲ ಬಳಿ, ದಿಬ್ಬಗಳು ಕಾಣುವಲ್ಲಿ ನಿಂತ. ಹಳೇ ಊರಿನವರು ತಮ್ಮ ಸತ್ತವರನ್ನು ಹೂತದ್ದು ಆ ಮರಳುದಿಬ್ಬಗಳಲ್ಲಿ. ಅಮ್ಮ ಸತ್ತ ವರ್ಷ ಅಲ್ಲಿ ಅಗೆಯುವ ಕೆಲಸ ನಡೆಯುತ್ತಿತ್ತು, ಕಾವಲಿಗೆ ಇವನನ್ನು ಹಾಕಿದ್ದರು. ಒಂದು ಗುಂಡಿಯಲ್ಲಿ ಮಲಗಿದ್ದ ಒಬ್ಬರ ತಲೆಯ ಮೇಲೊಂದು, ಪಾದಗಳ ಮೇಲೊಂದು, ದೊಡ್ಡ ಜಾಡಿಯ ದಪ್ಪ ಚೂರುಗಳನ್ನು ಹೇರಿದ್ದರು. ಗಂಡೋ ಹೆಣ್ಣೋ ಹೇಳಲಾಗಲಿಲ್ಲ. ಚೂರುಗಳು ಬಿದ್ದದ್ದಲ್ಲ, ಇಟ್ಟದ್ದು, ಎಂದರು ಅಗೆತದ ಮುಖ್ಯಸ್ಥೆ ಪ್ರೊಫೆಸರಮ್ಮ. ಕುಂಚದಿಂದ ಮರಳು ಸರಿಸುತ್ತ, ಬೆನ್ನು ಎತ್ತದೆ. ಯಾಕೆ ಎಂದು ಆಳೊಬ್ಬ ಕೇಳಿದ. ಏಳಬಾರದು ಅಂತ, ಎಂದರು ಆಕೆ. ಆಳುಗಳು ನಕ್ಕರು, ಒಬ್ಬ ದೃಷ್ಟಿ ತಾಗದಿರಲೆಂದು ಎರಡು ಬೆರಳನ್ನು ಕೊಂಬು ಮಾಡಿ ನೆಲಕ್ಕೆ ತೋರಿಸಿದ. ತಿತ್ತಾ ನಗಲಿಲ್ಲ. ಅವನು ಪಾದಗಳ ಮೇಲಿನ ಚೂರನ್ನು ನೋಡುತ್ತಿದ್ದ. ಅದು ಜಾಡಿಯ ಕತ್ತು, ಒಂದು ಹಿಡಿಕೆ ಹಾಗೇ ಇತ್ತು, ಎರಡೂ ಕೈಯಲ್ಲಿ ಎತ್ತುವಷ್ಟು ಭಾರ. ಎಷ್ಟು ಸರಿಯಾಗಿ ಇಟ್ಟಿದ್ದಾರೆ ಎಂದು ಅವನಿಗೆ ಮೊದಲು ಅನ್ನಿಸಿದ್ದು. ಇಟ್ಟವರಿಗೆ ಅಭ್ಯಾಸವಿತ್ತು. ಅಥವಾ ಇಟ್ಟವರು ಆ ಪಾದಗಳನ್ನು ಬಲ್ಲವರು.

ಯಾವುದು ಮೊದಲು ಎಂಬುದನ್ನು ಅವನು ಇವತ್ತಿಗೂ ತೀರ್ಮಾನಿಸಲಾರ. ಗುಂಡಿಯನ್ನು ನೋಡಿ ಬಂದು ಮನೆಯಲ್ಲಿ ಕಲ್ಲು ಇಟ್ಟನೇ, ಇಲ್ಲ ಮನೆಯಲ್ಲಿ ಕಲ್ಲು ಇಟ್ಟು ಬಂದ ಬೆಳಿಗ್ಗೆಯೇ ಗುಂಡಿ ಕಂಡಿತೇ. ಎರಡನೆಯದೇ ನಿಜ ಎಂದು ಹಲವು ವರ್ಷ ನಂಬಿದ್ದ. ಅಮ್ಮ ನೂನ್ಸಿಯಾ ಜೀವಮಾನವಿಡೀ ಮೀನು ಉಪ್ಪಿಗೆ ಹಾಕಿದವಳು. ಮಣ್ಣಿನ ಭರಣಿಯಲ್ಲಿ ಒಂದು ಪದರ ಬೆಳ್ಳಿಮೀನು, ಒಂದು ಪದರ ಉಪ್ಪು. ಮೇಲೆ ದುಂಡನೆ ಹಲಗೆ, ಹಲಗೆಯ ಮೇಲೆ ಹೊಳೆಯಿಂದ ತಂದ ಬೂದುಬಣ್ಣದ ನುಣುಪು ಕಲ್ಲು. ಭಾರ ಬೀಳದೆ ಮೀನು ಪಕ್ವವಾಗುವುದಿಲ್ಲ, ನೀರು ಬಿಡುವುದಿಲ್ಲ, ಎದ್ದು ನಾರುತ್ತದೆ ಎನ್ನುತ್ತಿದ್ದಳು. ಅವಳು ಎಡಚಿ. ಮೀನು ಬೇಕಾದಾಗ ಎಡಗೈಯಿಂದ ಕಲ್ಲನ್ನೆತ್ತಿ, ಸೊಂಟಕ್ಕೆ ಕಟ್ಟಿದ ಬಟ್ಟೆಗೆ ಒರಸಿ, ಭರಣಿಯ ಎಡಗಡೆಗೆ ಸದ್ದಿಲ್ಲದೆ ಕೂರಿಸುತ್ತಿದ್ದಳು. ಎಂದೂ ಬಲಗಡೆಗಲ್ಲ, ಎಂದೂ ಬುಡಮೇಲಾಗಿ ಅಲ್ಲ. ಕೊನೆಯ ವರ್ಷ ಅವಳಿಗೆ ಮಕ್ಕಳ ಹೆಸರು ಮರೆಯಿತು, ಉಪ್ಪಿನ ಅಳತೆ ಮರೆಯಿತು, ಆದರೆ ಕಾಲಿಗೆ ಹಳೇ ಊರಿನ ದಾರಿ ಮರೆಯಲಿಲ್ಲ. ಅಲ್ಲಿ ಅವಳ ಅಪ್ಪನ ಹುರುಳಿಕಾಯಿ ಹೊಲವಿತ್ತು, ಅಗೆತಕ್ಕೆಂದು ಸರಕಾರ ತೆಗೆದುಕೊಳ್ಳುವ ಮುಂಚೆ. ಇವನು ಕೆಲಸಕ್ಕೆ ಹೊರಟ ಮೇಲೆ ಎದ್ದು, ಬರಿಗಾಲಲ್ಲಿ, ಆ ಮೊಣಕಾಲೆತ್ತರದ ಗೋಡೆಗಳ ನಡುವೆ ಬಂದು ನಿಲ್ಲುತ್ತಿದ್ದಳು. ಪ್ರವಾಸಿಗಳು ಫೋಟೋ ತೆಗೆಯುತ್ತಿದ್ದರು. ಒಮ್ಮೆ ಒಬ್ಬ ಜರ್ಮನ್, ನಿಮ್ಮ ಊರಿನ ಅಜ್ಜಿ ಎಷ್ಟು ಚೆಂದ, ದೇವಿಯ ಪೂಜಾರಿಣಿಯ ಹಾಗೆ, ಎಂದು ಇವನಿಗೇ ಹೇಳಿದ. ತಿತ್ತಾ ಹೌದೆಂದ. ನನ್ನ ತಾಯಿ ಎನ್ನಲಿಲ್ಲ. ಅವಳ ಒಳಲಂಗ ಕಾಣುತ್ತಿತ್ತು.

ಮೇನಾ ಟೊಮೆಟೊ ತುಂಬುವ ಗೋದಾಮಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಂತು ದುಡಿಯುವವಳು. ನಾನು ಹೇಗೆ ನೋಡ್ಕೊಳ್ಳಲಿ, ನೀನಾದ್ರೆ ಮದುವೆ ಇಲ್ಲ ಮಕ್ಕಳಿಲ್ಲ ಎಂದಳು. ಅದು ನ್ಯಾಯವೇ. ಆಮೇಲೆ ತಿತ್ತಾ ಒಂದು ಬೆಳಿಗ್ಗೆ ಹೊದಿಕೆಯನ್ನು ಹಾಸಿಗೆಯಡಿ ಬಿಗಿಯಾಗಿ ಸಿಕ್ಕಿಸಿ, ಪಾದಗಳ ಕಡೆ ಹೊದಿಕೆಯ ಮೇಲೆ ಆ ಬೂದುಗಲ್ಲನ್ನಿಟ್ಟ. ಭಾರವೇನು ಬಹಳವಲ್ಲ. ಗಟ್ಟಿ ಇದ್ದವರು ಒದ್ದು ಬಿಡಬಹುದು. ಅಮ್ಮ ತಲೆಯೆತ್ತಿ ಕಲ್ಲನ್ನು ನೋಡಿದಳು, ಇವನನ್ನು ನೋಡಿದಳು. ತಿಂಗಳುಗಳಿಂದ ಮಸುಕಾಗಿದ್ದ ಕಣ್ಣು ಒಂದು ಗಳಿಗೆ ತಿಳಿಯಾಯಿತು.

"ಯಾರನ್ನೋ ಉಪ್ಪಿಗೆ ಹಾಕ್ತಿದೀಯ, ಮಗನೇ?"

ಅವನು ಬೀಗ ಹಾಕಿಕೊಂಡು ಹೋದ. ದಿನಾ ಹೋದ. ಸಂಜೆ ಬಂದು ಕಲ್ಲು ತೆಗೆದು, ಸೂಪು ಕುಡಿಸಿ, ಕಾಲು ತಿಕ್ಕುತ್ತಿದ್ದ. ಒಂದು ದಿನ ಬಂದಾಗ ಅವಳು ಕಣ್ಣು ತೆರೆದೇ ಇದ್ದಳು, ಕಲ್ಲು ಇಟ್ಟಲ್ಲೇ ಇತ್ತು, ಎಡಗೈ ಹೊದಿಕೆಯಿಂದ ಹೊರಬಂದು ಪಾದಗಳ ಕಡೆಗೆ ಚಾಚಿತ್ತು. ಮುಟ್ಟಿರಲಿಲ್ಲ. ಅವನು ಮೊದಲು ಮಾಡಿದ ಕೆಲಸ ಕಲ್ಲನ್ನು ಅಡುಗೆಮನೆಗೆ ಒಯ್ದಿಟ್ಟದ್ದು. ಎರಡನೆಯದು ಹೊದಿಕೆಯ ತಗ್ಗನ್ನು ಅಂಗೈಯಿಂದ ಸಮ ಮಾಡಿದ್ದು. ಮೇನಾಗೆ ಫೋನು ಮಾಡಿದ್ದು ಆಮೇಲೆ. ಮಾರನೆಯ ದಿನ, ಹೆಂಗಸರು ಜಪ ಮಾಡುತ್ತ ಸುತ್ತ ಕೂತಿದ್ದಾಗ, ಅಮ್ಮನ ಪಾದಗಳ ಮೇಲಿನ ಬಿಳಿ ಬಟ್ಟೆ ಮೇಲೆದ್ದು ಇಳಿಯಿತು. ಕಿಟಕಿ ತೆರೆದಿತ್ತು, ಗಾಳಿಯಿತ್ತು, ಕಾರಣ ಇತ್ತು. ಅವನು ಎದ್ದು ಹೊರಗೆ ಹೋಗಿ, ಸೈಕಲ್ಲು ಹತ್ತಿ, ದಿಬ್ಬಗಳ ಕಡೆ ತುಳಿದ. ತೊಳೆಯಲೆಂದು ರಾಶಿ ಹಾಕಿದ್ದ ಚೂರುಗಳಲ್ಲಿ ಆ ಜಾಡಿಯ ಕತ್ತು ಮೇಲೆಯೇ ಇತ್ತು. ಅಂಗಿಯಲ್ಲಿ ಸುತ್ತಿ ತಂದ. ಬೂದುಗಲ್ಲನ್ನೇ ಇಡಬಹುದಿತ್ತು, ಆದರೆ ಅಕ್ಕ ಭರಣಿ ಒಯ್ಯುವಾಗ ಕಲ್ಲೆಲ್ಲಿ ಎಂದು ಕೇಳುತ್ತಿದ್ದಳು. ಕೊನೆಯ ಮುತ್ತು ಕೊಡುತ್ತೇನೆ, ಒಬ್ಬನೇ ಇರಬೇಕು ಎಂದು ಎಲ್ಲರನ್ನೂ ಹೊರಗೆ ಕಳಿಸಿ, ಬಟ್ಟೆಯ ಕೆಳಗೆ, ಕರಿ ಬೂಟುಗಳ ಮೇಲೆ, ಗುಂಡಿಯಲ್ಲಿ ಕಂಡಂತೆಯೇ ಇಟ್ಟ. ಮುತ್ತು ಕೊಡಲು ಮರೆತ. ಹೊತ್ತವರಲ್ಲೊಬ್ಬ ಮೆಟ್ಟಿಲಿನಲ್ಲಿ ಏದುಸಿರು ಬಿಡುತ್ತ, "ಇಷ್ಟೇ ಇಷ್ಟಿದ್ಲು ಮುದುಕಿ, ಪೆಟ್ಟಿಗೆಯಲ್ಲಿ ಕಲ್ಲು ತುಂಬಿದ ಹಂಗಿದೆಯಲ್ಲಪ್ಪ!" ಎಂದಿದ್ದ. ಎಲ್ಲರೂ ಅವನಿಗೆ ಬಯ್ದಿದ್ದರು.

ಜೇಬಿನಲ್ಲಿ ಫೋನು ಅದುರಿತು. ಮೇನಾ.

"ಲೋ, ಬಿಳಿ ಬಟ್ಟೆ ತಗೊಂಡಿದೀಯಾ? ಎಲುಬು ಸುತ್ತೋದಕ್ಕೆ?"

"ತಗೊಂಡಿದೀನಿ."

"ಇಸ್ತ್ರಿ?"

"ಇಲ್ಲ."

"ಗೊತ್ತಿತ್ತು ನನಗೆ. ಸುಕ್ಕು ಬಟ್ಟೆ ಕಂಡ್ರೆ ಅಮ್ಮ ಎದ್ದು ಕೂರ್ತಾಳೆ ನೋಡು. ಬಿಡು, ನಾನೇ ತರ್ತೀನಿ. ಊಟ ಮಾಡಿದ್ಯಾ?"

ಅವನ ಬಾಯಲ್ಲಿ ಪೆಪ್ಪರಮಿಂಟು ಇತ್ತು. ಯಾವಾಗ ಹಾಕಿಕೊಂಡದ್ದೋ ನೆನಪಾಗಲಿಲ್ಲ. ಈಗ ಹೇಳಿಬಿಡಬೇಕು ಎನ್ನಿಸಿತು. ಮೇನಾ, ಮುಚ್ಚಳ ತೆಗೆದಾಗ ಒಂದು ಕಾಣುತ್ತೆ. ಆದರೆ ಅದನ್ನು ಹೇಳಿದರೆ ಯಾಕೆ ಎನ್ನುತ್ತಾಳೆ, ಯಾಕೆ ಎಂದರೆ ಬೂದುಗಲ್ಲಿಗೆ ಬರಬೇಕು. ಆ ಕಲ್ಲು ಈಗ ಅವಳ ಅಡುಗೆಮನೆಯಲ್ಲಿ ಆಲಿವ್ ಕಾಯಿಗಳ ಮೇಲಿದೆ. ಅವಳ ಮನೆಯಲ್ಲಿ ಉಂಡಾಗಲೆಲ್ಲ ಅವನು ಆ ಆಲಿವ್ ತಿಂದಿದ್ದಾನೆ. ಮಾಡಿದೆ ಎಂದ. ಸರಿ ಬೇಗ ಬಾ ಎಂದು ಅವಳು ಇಟ್ಟಳು.

ಸ್ಮಶಾನದ ಕೆಳಗಿನ ಮೂಲೆಯಲ್ಲಿ ಗಾಳಿ ಇರಲಿಲ್ಲ. ಸೈಪ್ರೆಸ್ ಮರಗಳ ತುದಿಗಳು ಬಾಗುತ್ತಿದ್ದವು, ಕೆಳಗೆ ಹುಲ್ಲು ಅಲುಗುತ್ತಿರಲಿಲ್ಲ. ಪುದ್ದು ಆಗಲೇ ಅಗೆದು ಮುಗಿಸಿದ್ದ. ಮಣ್ಣು ತಿಳಿಬೂದು, ಒಣ ಹೆಂಟೆ. ಜೌಗಿನ ವಾಸನೆಯಾದರೂ ಬರಬಹುದೆಂದು ತಿತ್ತಾ ಮೂಗು ಅರಳಿಸಿದ, ಬರೀ ಧೂಳು. ಮೇನಾ ಕರಿ ಕೋಟಿನ ಮೇಲೆ ಕರಿ ಸ್ಕಾರ್ಫು ಕಟ್ಟಿ, ಇಸ್ತ್ರಿ ಮಾಡಿದ ಬಟ್ಟೆಯನ್ನು ಎದೆಗೆ ಹಿಡಿದು ಗುಂಡಿಯ ತಲೆಕಡೆ ನಿಂತಿದ್ದಳು. ಅವನಿಗೆ ಉಳಿದದ್ದು ಕಾಲಕಡೆ.

"ನಿಂತ್ಕೊಳ್ಳೋ ಸರಿಯಾಗಿ. ಬೀಳ್ತೀಯ ಗುಂಡಿಗೆ," ಎಂದಳು.

"ಬಿದ್ರೆ ಹತ್ತು ವರ್ಷ ಬಾಡಿಗೆ ಇಲ್ಲ," ಎಂದ ಪುದ್ದು. ಆಮೇಲೆ ಟೋಪಿ ತೆಗೆದು ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡು ಇಳಿದ. ಮುಚ್ಚಳ ಮುಚ್ಚಳವಾಗಿ ಉಳಿದಿರಲಿಲ್ಲ. ಕೊಳೆತ ಹಲಗೆಗಳನ್ನು ಒಂದೊಂದಾಗಿ, ನಿದ್ದೆ ಹೋದವರ ಮೇಲಿಂದ ಹೊದಿಕೆ ಸರಿಸುವ ನಿಧಾನದಲ್ಲಿ ಎತ್ತಿ ಪಕ್ಕಕ್ಕಿಟ್ಟ. ತಿತ್ತಾ ತಲೆಯ ಕಡೆ ನೋಡಲಿಲ್ಲ. ಅವನ ಕಣ್ಣು ನೇರ ಬೂಟುಗಳ ಮೇಲೆ ಹೋಯಿತು. ಕರಿ ಬೂಟು, ಬೆಳ್ಳಗೆ ಬೂಸು ಹಿಡಿದು, ಜೋಡಿಯಾಗಿ, ಮಂಚದ ಬಳಿ ಬಿಟ್ಟ ಹಾಗಿದ್ದವು. ಅವುಗಳ ಮೇಲೆ ಏನೂ ಇರಲಿಲ್ಲ. ಪಕ್ಕದಲ್ಲೂ ಇರಲಿಲ್ಲ. ಅವನಿಗೆ ಒಮ್ಮೆಗೇ ಸಂತೋಷ ಉಕ್ಕಿತು. ಇಟ್ಟಿರಲೇ ಇಲ್ಲ. ಸೈಕಲ್ಲು, ರಾಶಿ, ಅಂಗಿ, ಎಲ್ಲ ಅಳುವಿನ ಮಬ್ಬಿನಲ್ಲಿ ಕಂಡ ಕನಸು. ಹತ್ತು ವರ್ಷ ಸುಮ್ಮನೆ ಹೊತ್ತೆ. ಹಾಗಾದರೆ ಬೂದುಗಲ್ಲೂ ಬಹುಶಃ ಕನಸೇ ಎಂದು ಅವನು ಅದೇ ಉಸಿರಿನಲ್ಲಿ ಯೋಚಿಸುತ್ತಿದ್ದ.

"ಇದೇನಪ್ಪ ಇದು?" ಎಂದ ಪುದ್ದು.

ಎಡ ಭುಜದ ಪಕ್ಕ, ತೋಳಿನ ಎಲುಬಿಗೂ ಕೊಳೆತ ಹಲಗೆಗೂ ನಡುವೆ, ಜಾಡಿಯ ಕತ್ತು ಕೂತಿತ್ತು. ಬಿದ್ದಿರಲಿಲ್ಲ. ನೆಟ್ಟಗೆ, ಬಾಯಿ ಮೇಲಾಗಿ, ಒಂದಿಷ್ಟೂ ವಾಲದೆ, ಹಿಡಿಕೆ ಅವಳ ಕಡೆಗೆ. ಎಡಗೈಯ ಎಲುಬುಗಳು ಮಡಚಿ ಅದರ ಹತ್ತಿರ ಬಂದಿದ್ದವು. ಬಲಗೈ ಎದೆಯ ಮೇಲಿದ್ದಲ್ಲೇ ಇತ್ತು, ಜಪಮಾಲೆ ಆ ಬೆರಳುಗಳಿಗೆ ಸುತ್ತಿದಂತೆಯೇ ಇತ್ತು.

ಮೇಲೆ ಮರದ ತುದಿಗಳು ಒಂದಕ್ಕೊಂದು ಉಜ್ಜಿ ಕಿರ್ರೆಂದವು. ಪುದ್ದು ಬೆರಳಿನಿಂದ ಹಿಡಿಕೆಯನ್ನು ತಟ್ಟಿ ನೋಡಿದ.

"ಹಳೇ ಊರಿನ ಮಾಲು. ನಮ್ಮಜ್ಜಿಯ ಪೆಟ್ಟಿಗೆಗೆ ಇಂಥದ್ದು ಬರಲಿಲ್ಲ. ಯಾರಿಟ್ರು?"

ತಿತ್ತಾ ಬಾಯಿ ತೆರೆದ.

"ನಾನೇ ಇಡು ಅಂದಿದ್ದೆ ಮಾವ," ಎಂದಳು ಮೇನಾ. ಅವಳ ದನಿ ಗೋದಾಮಿನಲ್ಲಿ ಮೇಸ್ತ್ರಿಗೆ ಉತ್ತರ ಕೊಡುವಷ್ಟು ಸಲೀಸಾಗಿತ್ತು. "ಅಮ್ಮಂಗೆ ಹಳೇ ಊರು ಅಂದ್ರೆ ಪ್ರಾಣ ಅಲ್ವಾ. ಅವಳ ಅಪ್ಪನ ಹೊಲದಲ್ಲಿ ಸಿಕ್ಕಿದ್ದು. ಜೊತೆಗಿರಲಿ ಅಂತ."

"ಪೊಲೀಸ್‌ನವರು ಕೇಳಿದ್ರೆ?"

"ಯಾವ ಪೊಲೀಸು? ನಿಮಗೆ ಏನಾದ್ರೂ ಕಾಣಿಸ್ತಾ?"

"ನನಗೇನು ಕಾಣುತ್ತಮ್ಮ, ಕನ್ನಡಕ ಮನೆಯಲ್ಲಿದೆ." ಪುದ್ದು ಜಾಡಿಯ ಕತ್ತನ್ನು ಎರಡೂ ಕೈಯಿಂದ ಎತ್ತಿ ಗುಂಡಿಯ ದಂಡೆಗಿಟ್ಟ. ಎತ್ತುವಾಗ ಅವನಿಗೂ ಉಸಿರು ಕಟ್ಟಿತು. "ಆದ್ರೆ ಇದನ್ನ ಇಲ್ಲಿ ಸಂದಿಯಲ್ಲಿ ಹೆಂಗೆ ತುರುಕಿದ್ರೋ! ನೀರು ಏರಿ ಇಳಿದ ಕಡೆ ಎಲ್ಲ ಸರಿಯುತ್ತೆ, ಅದು ಸರಿ. ಶಿಲುಬೆ ಮೊಣಕಾಲಿಗೆ ಬಂದಿರೋದು ನೋಡಿದೀನಿ. ಹಗುರದ್ದು ಸರಿಯುತ್ತೆ. ಇಷ್ಟು ಭಾರದ್ದು..." ಅವನು ಜಪಮಾಲೆಯನ್ನು ನೋಡಿದ, ಮಾತು ನಿಲ್ಲಿಸಿದ. "ಪೆಟ್ಟಿಗೆ ತರ್ತೀನಿ," ಎಂದು ಮೇಲೆ ಹತ್ತಿ, ಬೇಕಾದದ್ದಕ್ಕಿಂತ ತುಸು ಬೇಗ ನಡೆದುಹೋದ.

ಮೇನಾ ಗುಂಡಿಯನ್ನು ಸುತ್ತಿ ಕಾಲಕಡೆಗೆ ಬಂದಳು. ಇಬ್ಬರೂ ಬೂಟುಗಳನ್ನು ನೋಡುತ್ತ ನಿಂತರು.

"ಎಲ್ಲಿಟ್ಟಿದ್ದೆ?" ಎಂದಳು.

ಅವನು ಬೂಟುಗಳಿಂದ ಕಣ್ಣು ತೆಗೆಯಲಿಲ್ಲ.

"ಪಾದದ ಮೇಲಾ?"

ಅವನ ಗದ್ದ ಕೆಳಗಿಳಿಯಿತು. ಅದು ಹೌದೆಂದದ್ದೋ ತಲೆ ತಗ್ಗಿದ್ದೋ ಅವನಿಗೇ ಗೊತ್ತಾಗಲಿಲ್ಲ.

"ಅವತ್ತೂ ಪಾದದ ಮೇಲೇ ಇತ್ತು," ಎಂದಳು ಮೇನಾ. "ಅವಳನ್ನ ತೊಳೆದಿದ್ದು ನಾನೇ ಅಲ್ವೇನೋ. ಎರಡು ಕಾಲಿಗೂ ಅಡ್ಡ ಗುರುತಿತ್ತು, ಹೊಸದೂ ಇತ್ತು ಹಳೇದೂ ಇತ್ತು. ಆಗಲೇ ಬೂಟು ಹಾಕ್ಬಿಟ್ಟೆ, ಬೇರೆ ಹೆಂಗಸರು ನೋಡೋ ಮುಂಚೆ. ಭರಣಿ ತಗೊಂಡು ಹೋಗುವಾಗ ಕಲ್ಲಿನ ಮೇಲೆ ಹೊದಿಕೆಯ ನೀಲಿ ಎಳೆ ಅಂಟಿತ್ತು. ಕೇಳಿದ್ರೆ ನೀನು ಹೇಳ್ತಿದ್ದೆ. ಹೇಳಿದ್ರೆ, ಹಾಗಾದ್ರೆ ನೀನು ಎಲ್ಲಿದ್ದೆ ಅಂತ ನನ್ನನ್ನೇ ಕೇಳ್ಕೋಬೇಕಾಗಿತ್ತು."

ಹತ್ತು ವರ್ಷದ ಆಲಿವ್ ಕಾಯಿಗಳು ಅವನ ಬಾಯಲ್ಲಿ ಒಟ್ಟಿಗೆ ಕಹಿಯಾದವು. ಯಾರಾದರೂ ಕಂಡುಬಿಟ್ಟಾರು ಎಂಬ ಭಯದಲ್ಲಿ ಬದುಕಿದವನಿಗೆ, ಒಬ್ಬಳು ಉದ್ದಕ್ಕೂ ಕಂಡು ತಟ್ಟೆಗೆ ಬಡಿಸುತ್ತಿದ್ದಳು. ಏನಾದರೂ ಹೇಳಬೇಕೆಂದು ಅವಳ ಕಡೆ ತಿರುಗಿದ. ಅವಳು ಅವನನ್ನು ನೋಡುತ್ತಿರಲಿಲ್ಲ. ದಂಡೆಯ ಮೇಲಿದ್ದ ಕತ್ತಿನ ಹತ್ತಿರ ಬಗ್ಗಿ, ಸ್ಕಾರ್ಫಿನ ತುದಿಯಿಂದ ಅದಕ್ಕೆ ಅಂಟಿದ ಒಣ ಮಣ್ಣನ್ನು ಒರಸುತ್ತಿದ್ದಳು.

"ಅವಳು ಒರಸಿ ಇಡ್ತಿದ್ಲು," ಎಂದಳು. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ಇಲ್ಲಿ ಒರಸೋಕೆ ಏನೂ ಇರಲಿಲ್ಲ ಪಾಪ," ಎಂದಳು.

ಪುದ್ದು ತಗಡಿನ ಪೆಟ್ಟಿಗೆ ತಂದ. ತಲೆಯಿಂದ ಶುರು ಮಾಡದೆ ಇವತ್ತು ಯಾಕೋ ಪಾದಗಳಿಂದ ಶುರು ಮಾಡಿದ. ಒಂದೊಂದೇ ಎಲುಬನ್ನು ಕುಂಚದಿಂದ ಸವರಿ ಕೊಡುತ್ತಿದ್ದ, ಮೇನಾ ಇಸ್ತ್ರಿ ಬಟ್ಟೆಯ ಮೇಲೆ ಜೋಡಿಸುತ್ತಿದ್ದಳು. ಎಲ್ಲವೂ ಒಣಗಿ, ಹಗುರವಾಗಿ, ದಂತದ ಬಣ್ಣಕ್ಕೆ ತಿರುಗಿದ್ದವು. ಎಡಗೈಯ ಬೆರಳುಗಳನ್ನು ತಿತ್ತಾ ತಾನೇ ಇಸಿದುಕೊಂಡ. ಬಟ್ಟೆಯ ನಾಲ್ಕೂ ಮೂಲೆ ಮಡಚಿ ಪೆಟ್ಟಿಗೆಯಲ್ಲಿಟ್ಟಾಗ ಪುದ್ದು ಜಾಡಿಯ ಕತ್ತಿನ ಕಡೆ ಗದ್ದ ತಿರುಗಿಸಿದ.

"ಇದನ್ನೂ ಹಾಕ್ಲಾ? ಪಕ್ಕದಲ್ಲಿ ಜಾಗ ಇಲ್ಲ. ಮೇಲಿಟ್ರೆ ಕೂರುತ್ತೆ."

"ಬೇಡ," ಎಂದ ತಿತ್ತಾ. ಅದೇ ಗಳಿಗೆಗೆ ಮೇನಾ ಕೂಡ ಬೇಡ ಎಂದಿದ್ದಳು. ಎರಡು ದನಿಯೂ ಕೂಡಿ ಜೋರಾಗಿ ಕೇಳಿಸಿತು. ಮೇಲಿನ ಸಾಲಿನಲ್ಲಿ ಹೂ ಬದಲಿಸುತ್ತಿದ್ದ ಹೆಂಗಸೊಬ್ಬಳು ತಿರುಗಿ ನೋಡಿದಳು.

"ನಾನು ತಗೊಂಡು ಹೋಗಿ ಪ್ರೊಫೆಸರಮ್ಮನ ಮೇಜಿನ ಮೇಲಿಡ್ತೀನಿ," ಎಂದ ತಿತ್ತಾ. "ಕೇಳಿದ್ರೆ ಹೇಳ್ತೀನಿ."

"ಎಲ್ಲಾನೂ?" ಎಂದಳು ಮೇನಾ.

"ಎಲ್ಲಿಂದ ತೆಗೆದೆ ಅನ್ನೋದನ್ನ. ಕೆಲಸ ಹೋದ್ರೆ ಹೋಗಲಿ."

"ಹೋದ್ರೆ ನಮ್ಮ ಗೋದಾಮಿಗೆ ಬಾ. ನಿನ್ನಷ್ಟು ನಿಧಾನದವನು ಅಲ್ಲಿ ಯಾರೂ ಇಲ್ಲ, ನಗೋಕಾದ್ರೂ ಬೇಕು."

ಪುದ್ದು ಮುಚ್ಚಳ ಮುಚ್ಚಿ, ಜೇಬಿನಿಂದ ತಿರುಪುಳಿ ತೆಗೆದ. ಮೊದಲ ತಿರುಪನ್ನು ಬೆರಳಿನಿಂದ ಕೂರಿಸಿ ತಿರುಗಿಸಲು ಹೊರಟಾಗ ಮೇನಾ ಅವನ ಮಣಿಕಟ್ಟಿನ ಮೇಲೆ ಕೈಯಿಟ್ಟಳು.

"ಬಿಗಿ ಮಾಡ್ಬೇಡಿ ಮಾವ."

"ಗೂಡು ಮುಚ್ಚಿ ಗಾರೆ ಹಚ್ಚಿದ ಮೇಲೆ ಬಿಗಿಯಾ ಸಡಿಲಾ ಅಂತ ಯಾರಮ್ಮ ನೋಡ್ತಾರೆ?"

"ಅದಕ್ಕೇ ಹೇಳ್ತಿರೋದು."

ಪುದ್ದು ಅವಳನ್ನು ನೋಡಿದ, ದಂಡೆಯ ಮೇಲಿದ್ದ ಕತ್ತನ್ನು ನೋಡಿದ. ತಿರುಪುಳಿಯನ್ನು ಒರಸಿ ಜೇಬಿಗೆ ಹಾಕಿಕೊಂಡ.

ಪೆಟ್ಟಿಗೆ ತಿತ್ತಾನ ತೋಳಿಗೆ ಬಂತು. ಇಷ್ಟು ಹಗುರ ಇರುತ್ತದೆಂದು ಅವನು ಅಂದುಕೊಂಡಿರಲಿಲ್ಲ. ಮೇನಾ ಮುಂದೆ, ಅವನು ಹಿಂದೆ, ಕಾಲುವೆಯ ಒಣ ದಂಡೆಯ ಗುಂಟ ಗೂಡುಗಳ ಗೋಡೆಯ ಕಡೆಗೆ ಹೊರಟರು. ನೆಲ ಸಮವಾಗಿತ್ತು, ಅವನು ಎಡವಿರಲಿಲ್ಲ, ಗಾಳಿಯೂ ಇರಲಿಲ್ಲ. ಒಳಗೆ ಏನೋ ಮೆಲ್ಲಗೆ ಎಡಗಡೆಗೆ ಸರಿದು, ಒಂದು ನಿಟ್ಟುಸಿರಿನಷ್ಟು ಸದ್ದು ಮಾಡಿ, ಆರಾಮಾಗಿ ಕೂತಿತು. ಅವನು ತೋಳನ್ನು ಸ್ವಲ್ಪ ಸಡಿಲ ಬಿಟ್ಟು ನಡೆದ. ಕಾರಣ ಹುಡುಕಲಿಲ್ಲ.